ಪಾರ್ಕ್‌ವೇಯ ಪೋಬಾಯ್: ಬ್ರೆಡ್ಡಿನಿಂದಲೇ ಅಳೆಯಬೇಕಾದ ತಿನಿಸು

ಉದ್ದನೆಯ ಬ್ರೆಡ್ಡನ್ನು ಸೀಳಿ, ನಡುವೆ ಮಾಂಸ, ಚೀಸು, ತರಕಾರಿ ತುಂಬಿ ಕೊಡುವ ಸ್ಯಾಂಡ್‌ವಿಚ್ಚಿಗೆ ಅಮೆರಿಕದಲ್ಲಿ ಊರಿಗೊಂದು ಹೆಸರಿದೆ. ಫಿಲಡೆಲ್ಫಿಯಾದವರು ಹೋಗೀ ಎನ್ನುತ್ತಾರೆ, ನ್ಯೂಯಾರ್ಕಿನವರು ಹೀರೋ ಎನ್ನುತ್ತಾರೆ, ನ್ಯೂ ಇಂಗ್ಲೆಂಡಿನ ಹಲವು ಊರುಗಳಲ್ಲಿ ಗ್ರೈಂಡರ್ ಎಂಬ ಹೆಸರು ಚಾಲ್ತಿಯಲ್ಲಿದೆ. ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದ ಪೋಬಾಯ್ ಕೂಡ ಇದೇ ಬಳಗದ್ದು. ಆದರೆ ಈ ಬಳಗದಲ್ಲಿ ಒಂದು ಕಾರ್ಮಿಕ ಹೋರಾಟದ ಜೊತೆ ತನ್ನ ಹುಟ್ಟನ್ನು ಇಷ್ಟು ಗಟ್ಟಿಯಾಗಿ ಬೆಸೆದುಕೊಂಡಿರುವ, ಒಳಗಿನ ಹೂರಣಕ್ಕಿಂತ ಹೊರಗಿನ ಬ್ರೆಡ್ಡಿನಿಂದಲೇ ಗುರುತಿಸಬೇಕಾದ ತಿನಿಸು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ಸವಿಯಲು ಒಂದೇ ಒಂದು ಜಾಗ ಹೇಳಿ ಎಂದು ಯಾರಾದರೂ ಕೇಳಿದರೆ, ಬೈಯೂ ಸೇಂಟ್ ಜಾನ್ ಎಂಬ ಕಾಲುವೆಯಂಥ ನೀರಹರಿವಿನ ಸಮೀಪ, ಹೇಗನ್ ಅವೆನ್ಯೂದಲ್ಲಿರುವ ಪಾರ್ಕ್‌ವೇ ಬೇಕರಿ ಅಂಡ್ ಟ್ಯಾವರ್ನ್‌ಗೆ ಹೋಗಿ ಎಂದು ಹೇಳುತ್ತೇನೆ. ಯಾಕೆ ಎಂಬುದನ್ನು ಈ ವಿಮರ್ಶೆಯಲ್ಲಿ ವಿವರವಾಗಿ ಬರೆದಿದ್ದೇನೆ.

ಮೊದಲು ಹಿನ್ನೆಲೆ. ಲೂಸಿಯಾನಾದ ರೇಸ್‌ಲ್ಯಾಂಡ್ ಎಂಬ ಸಣ್ಣ ಊರಿನಿಂದ ಬಂದ ಬೆನ್ನಿ ಮಾರ್ಟಿನ್ ಮತ್ತು ಕ್ಲೋವಿಸ್ ಮಾರ್ಟಿನ್ ಎಂಬ ಅಣ್ಣತಮ್ಮಂದಿರು ನ್ಯೂ ಆರ್ಲಿಯನ್ಸಿನ ಟ್ರಾಮುಗಳಲ್ಲಿ ಕಂಡಕ್ಟರುಗಳಾಗಿ ದುಡಿದು, 1922ರಲ್ಲಿ ಫ್ರೆಂಚ್ ಮಾರ್ಕೆಟ್ಟಿನಲ್ಲಿ ಕಾಫಿ ಮತ್ತು ಊಟದ ಅಂಗಡಿಯೊಂದನ್ನು ತೆರೆದರು. 1929ರ ಜುಲೈ 1ರಂದು ಟ್ರಾಮ್ ನೌಕರರು ಕಂಪನಿಯ ವಿರುದ್ಧ ಮುಷ್ಕರ ಹೂಡಿದಾಗ ನಗರದ ಜನಸಾಮಾನ್ಯರ ಒಲವು ನೌಕರರ ಕಡೆಗಿತ್ತು. ಹೊರಗಿನಿಂದ ಕರೆಸಿದ ಬದಲಿ ಆಳುಗಳನ್ನು ಇಟ್ಟುಕೊಂಡು ಕಂಪನಿ ಟ್ರಾಮ್ ಓಡಿಸಲು ಹೊರಟಾಗ ಕೆನಾಲ್ ಸ್ಟ್ರೀಟಿನಲ್ಲಿ ಜನ ಸಾವಿರಗಟ್ಟಲೆ ಸೇರಿ ಆ ಗಾಡಿಗೆ ಬೆಂಕಿ ಹಚ್ಚಿದರು. ಮಾರ್ಟಿನ್ ಸಹೋದರರು ತಮ್ಮ ಹಳೆಯ ಸಂಗಾತಿಗಳ ಸಂಘಕ್ಕೆ ಒಂದು ಪತ್ರ ಬರೆದು, ಸಂಘದ ಸದಸ್ಯರು ಯಾರೇ ಬಂದರೂ ತಮ್ಮ ಅಂಗಡಿಯಲ್ಲಿ ಊಟ ಪುಕ್ಕಟೆ ಎಂದು ತಿಳಿಸಿದರು. ನರಕವೇ ಹೆಪ್ಪುಗಟ್ಟುವವರೆಗೂ ನಿಮ್ಮ ಜೊತೆಗಿದ್ದೇವೆ, ಹೆಪ್ಪುಗಟ್ಟಿದರೆ ಹೊದೆಯಲು ಕಂಬಳಿಯನ್ನೂ ನಾವೇ ಕೊಡುತ್ತೇವೆ ಎಂಬರ್ಥದ ಮಾತು ಆ ಪತ್ರದಲ್ಲಿದೆ. ಹಸಿದು ಬರುವ ಮುಷ್ಕರನಿರತರನ್ನು ಕಂಡು ಅಡುಗೆಮನೆಯವರು ‘ಇಗೋ, ಇನ್ನೊಬ್ಬ ಬಡಪಾಯಿ ಹುಡುಗ (ಇಂಗ್ಲಿಷಿನಲ್ಲಿ ಪೂರ್ ಬಾಯ್) ಬಂದ’ ಎನ್ನುತ್ತಿದ್ದರಂತೆ, ಸ್ಯಾಂಡ್‌ವಿಚ್ಚಿನ ಹೆಸರು ಹಾಗೆಯೇ ಬಂತು ಎಂದು ಬೆನ್ನಿ ಮಾರ್ಟಿನ್ ನಂತರದ ವರ್ಷಗಳಲ್ಲಿ ಹೇಳುತ್ತಿದ್ದರು. ಬ್ರೆಡ್ಡಿನೊಳಗೆ ಹುರಿದ ಆಯ್ಸ್ಟರ್ ತುಂಬಿ ತಿನ್ನುವ ರೂಢಿ ಆ ನಗರದಲ್ಲಿ ಅದಕ್ಕೂ ಬಹಳ ಹಿಂದಿನಿಂದಲೇ ಇತ್ತು ಎಂಬುದು ನಿಜ. ಆದರೂ ಇವತ್ತು ನಾವು ಕಾಣುವ ಪೋಬಾಯ್‌ಗೆ ರೂಪ, ಅಳತೆ, ಹೆಸರು ಮೂರನ್ನೂ ಕೊಟ್ಟದ್ದು ಆ ಮುಷ್ಕರದ ದಿನಗಳೇ. ಮುಷ್ಕರ ಕೊನೆಗೆ ಕಾರ್ಮಿಕರ ಸೋಲಿನಲ್ಲಿ ಮುಗಿಯಿತು. ಅದರ ಬೆನ್ನಿಗೇ ಬಂದ ಆರ್ಥಿಕ ಮಹಾಕುಸಿತದ ವರ್ಷಗಳಲ್ಲಿ ಕಡಿಮೆ ಕಾಸಿಗೆ ಹೊಟ್ಟೆ ತುಂಬಿಸುವ ಈ ಸ್ಯಾಂಡ್‌ವಿಚ್ ಇಡೀ ನಗರದ ಊಟವಾಯಿತು.

ಅಳತೆ ಎಂದೆನಲ್ಲ, ಅದರ ಹಿಂದೆ ಜಾನ್ ಗೆಂಡೂಸಾ ಎಂಬ ಬೇಕರಿಯವರ ಕೈಚಳಕವಿದೆ. ಅಲ್ಲಿಯವರೆಗಿನ ಫ್ರೆಂಚ್ ಬ್ರೆಡ್ಡು ಎರಡೂ ತುದಿಗಳಲ್ಲಿ ಚೂಪಾಗಿರುತ್ತಿತ್ತು. ಅದನ್ನು ತುಂಡು ಮಾಡಿ ಹಂಚಿದರೆ ನಡುವಿನ ತುಂಡು ಸಿಕ್ಕವನಿಗೆ ಹೆಚ್ಚು, ತುದಿ ಸಿಕ್ಕವನಿಗೆ ಕಡಿಮೆ. ನೂರಾರು ಜನರಿಗೆ ಸಮವಾಗಿ ಹಂಚಬೇಕಾಗಿದ್ದ ಮಾರ್ಟಿನ್ ಸಹೋದರರ ಬೇಡಿಕೆಯ ಮೇರೆಗೆ ಗೆಂಡೂಸಾ ತುದಿಯಿಂದ ತುದಿಗೆ ಒಂದೇ ದಪ್ಪವಿರುವ, ಸುಮಾರು 40 ಅಂಗುಲ ಉದ್ದದ ಬ್ರೆಡ್ಡನ್ನು ರೂಪಿಸಿಕೊಟ್ಟರು. ಪೋಬಾಯ್ ಬ್ರೆಡ್ಡಿನ ಆಕಾರ ಇಂದಿಗೂ ಅದೇ. ಹಂಚಿಕೆಯಲ್ಲಿ ಯಾರಿಗೂ ಅನ್ಯಾಯವಾಗಬಾರದು ಎಂಬ ಕಾಳಜಿ ಒಂದು ತಿನಿಸಿನ ಆಕಾರವನ್ನೇ ನಿರ್ಧರಿಸಿದ ಈ ಸಂಗತಿ ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಪ್ರಿಯವಾದುದು.

ಪ್ಯಾರಿಸ್ಸಿನ ಬ್ಯಾಗೆಟ್ ತಿಂದವರಿಗೆ ಈ ಬ್ರೆಡ್ಡು ಬೇರೆಯದೇ ವಸ್ತುವಾಗಿ ಕಾಣುತ್ತದೆ. ಬ್ಯಾಗೆಟ್ಟಿನ ಮೇಲ್ಪದರ ಗಟ್ಟಿ, ಹಲ್ಲಿಗೆ ಕೆಲಸ ಕೊಡುವಂಥದ್ದು; ನ್ಯೂ ಆರ್ಲಿಯನ್ಸಿನ ಬ್ರೆಡ್ಡಿನ ಮೇಲ್ಪದರ ತೆಳ್ಳಗಿದ್ದು, ಬೆರಳಿನಿಂದ ಒತ್ತಿದರೆ ಸಣ್ಣ ಸದ್ದಿನೊಂದಿಗೆ ಬಿರಿದು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಒಳತಿರುಳು ಹತ್ತಿಯಷ್ಟು ಹಗುರ. ಯೀಸ್ಟು ಧಾರಾಳವಾಗಿರುವ ಹಿಟ್ಟು ಚೆನ್ನಾಗಿ ಉಬ್ಬುವುದರಿಂದ ತಿರುಳು ಹಗುರಾಗುತ್ತದೆ, ಬೇಯುವಾಗ ಒಲೆಯೊಳಗೆ ಬಿಡುವ ಹಬೆಯಿಂದ ಮೇಲ್ಪದರ ಗರಿಗರಿಯಾಗುತ್ತದೆ. ಆದರೆ ಈ ಗರಿಗರಿ ಬಹಳ ಹೊತ್ತು ನಿಲ್ಲುವುದಿಲ್ಲ. ಮಿಸಿಸಿಪಿ ನದಿಯ ಬಾಗಿನಲ್ಲಿರುವ ಆ ಊರಿನ ತೇವಭರಿತ ಗಾಳಿಗೆ ಬೆಳಿಗ್ಗೆ ಬಂದ ಬ್ರೆಡ್ಡು ಸಂಜೆಯ ಹೊತ್ತಿಗೆ ಮೆತ್ತಗಾಗಿ ನಾರಿನಂತಾಗುತ್ತದೆ. ಕಾವಲಿಯಿಂದ ಎಬ್ಬಿಸಿದ ದೋಸೆಯನ್ನು ಹೇಗೆ ಆಗಲೇ ತಿನ್ನಬೇಕೋ, ಈ ಬ್ರೆಡ್ಡಿನ ವಿಷಯದಲ್ಲೂ ಹಾಗೆಯೇ. ಆದ್ದರಿಂದಲೇ ಒಳ್ಳೆಯ ಪೋಬಾಯ್ ಅಂಗಡಿಗಳು ಅಂದಂದಿನ ಬ್ರೆಡ್ಡನ್ನು ಅಂದಂದೇ ತರಿಸಿಕೊಳ್ಳುತ್ತವೆ. ಇಂಥ ಬ್ರೆಡ್ಡನ್ನು ಮಾಡುವ ಮನೆತನಗಳಲ್ಲಿ ಅತ್ಯಂತ ಹೆಸರುವಾಸಿಯಾದದ್ದು ಲೈಡನ್‌ಹೈಮರ್. ಜರ್ಮನಿಯ ಡೈಡೆಸ್‌ಹೈಮ್‌ನಿಂದ ವಲಸೆ ಬಂದ ಜಾರ್ಜ್ ಲೈಡನ್‌ಹೈಮರ್ 1896ರಲ್ಲಿ ಆರಂಭಿಸಿದ ಬೇಕರಿ ಅದು. ಹೆಸರು ಫ್ರೆಂಚ್ ಬ್ರೆಡ್ಡು, ಮಾಡಿ ಬೆಳೆಸಿದವರು ಜರ್ಮನ್ನರು, ಪೋಬಾಯ್‌ಗೆ ಹೊಂದಿಸಿಕೊಟ್ಟವರು ಇಟಲಿ ಮೂಲದ ಗೆಂಡೂಸಾ. ನ್ಯೂ ಆರ್ಲಿಯನ್ಸ್ ಬಂದರಿನ ಚರಿತ್ರೆಯೇ ಆ ಬ್ರೆಡ್ಡಿನಲ್ಲಿದೆ.

ಇನ್ನು ಪಾರ್ಕ್‌ವೇ. 1911ರಲ್ಲಿ ಚಾರ್ಲ್ಸ್ ಗೋರಿಂಗ್ ಎಂಬ ಜರ್ಮನ್ ಮೂಲದ ಬೇಕರಿಯವರು ಆರಂಭಿಸಿದ ಈ ಅಂಗಡಿಯನ್ನು 1922ರಲ್ಲಿ ಹೆನ್ರಿ ಟಿಮಥಿ ಕೊಂಡುಕೊಂಡರು. 1929ರ ಮುಷ್ಕರದ ಕಾಲದಲ್ಲಿ ಇಲ್ಲಿಯೂ ಪೋಬಾಯ್ ಮಾಡುವುದು ಶುರುವಾಯಿತು. ಸಮೀಪದಲ್ಲೇ ಇದ್ದ ಅಮೆರಿಕನ್ ಕ್ಯಾನ್ ಕಂಪನಿಯ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರಿಗಾಗಿ ಅಂಗಡಿ ಹಗಲೂ ರಾತ್ರಿ ತೆರೆದಿರುತ್ತಿತ್ತು. ಹುರಿದ ಆಲೂಗಡ್ಡೆಯ ಮೇಲೆ ಗ್ರೇವಿ ಸುರಿದು ಕೊಡುವ ಅಗ್ಗದ ಪೋಬಾಯ್ ಆ ಕಾರ್ಮಿಕರ ನಿತ್ಯದ ಊಟವಾಗಿತ್ತು. ಮುಂದೆ ಪ್ರವಾಹದಿಂದ ಒಲೆಗಳು ಹಾಳಾಗಿ ಬ್ರೆಡ್ಡು ಬೇಯಿಸುವುದು ನಿಂತಿತು, ಕಾರ್ಖಾನೆ ಮುಚ್ಚಿತು, 1990ರ ದಶಕದಲ್ಲಿ ಅಂಗಡಿಯೂ ಬಾಗಿಲು ಹಾಕಿತು. ಪಕ್ಕದಲ್ಲೇ ಇದ್ದ ಜೇ ನಿಕ್ಸ್ ಎಂಬುವರು ಆ ಕಟ್ಟಡವನ್ನು ಕೊಂಡು, ದುರಸ್ತಿ ಮಾಡಿಸಿ, 2003ರ ಡಿಸೆಂಬರಿನಲ್ಲಿ ಮತ್ತೆ ತೆರೆದರು. ಎರಡು ವರ್ಷ ತುಂಬುವ ಮೊದಲೇ, 2005ರ ಆಗಸ್ಟಿನಲ್ಲಿ, ಕತ್ರೀನಾ ಚಂಡಮಾರುತ ಬಂದು ಕಟ್ಟಡ ನೀರಿನಲ್ಲಿ ಮುಳುಗಿತು. ಸುತ್ತಲಿನ ಬೀದಿಗಳು ಇನ್ನೂ ಖಾಲಿ ಇರುವಾಗಲೇ, ಅದೇ ವರ್ಷದ ಕೊನೆಯಲ್ಲಿ, ಪಾರ್ಕ್‌ವೇ ಪುನಃ ಬಾಗಿಲು ತೆಗೆಯಿತು. ಆ ದುರಂತಕ್ಕೆ ಐದು ವರ್ಷ ತುಂಬಿದಾಗ ನಗರಕ್ಕೆ ಬಂದ ಅಧ್ಯಕ್ಷ ಒಬಾಮಾ ಕುಟುಂಬಸಮೇತ ಇಲ್ಲಿಯೇ ಊಟ ಮಾಡಿದರು. ಇಷ್ಟೆಲ್ಲ ಹೇಳಿದ್ದು ಅಂಗಡಿಯ ಬಗ್ಗೆ ಮರುಕ ಹುಟ್ಟಿಸಲಿಕ್ಕಲ್ಲ. ದುಡಿಯುವ ಜನರ ಊಟದ ಮನೆಯಾಗಿ ಬೆಳೆದ ಜಾಗವೊಂದು ಪ್ರವಾಸಿಗರ ದಂಡು ಬಂದ ಮೇಲೂ ತನ್ನ ಅಡುಗೆಯನ್ನು ಕೆಡಿಸಿಕೊಂಡಿಲ್ಲ ಎಂಬುದನ್ನು ಒತ್ತಿ ಹೇಳಲಿಕ್ಕಾಗಿ.

ಇಲ್ಲಿಯ ರೋಸ್ಟ್ ಬೀಫ್ ಪೋಬಾಯ್ ಬಗ್ಗೆ ವಿವರವಾಗಿ ಹೇಳಲೇಬೇಕು. ಹೆಸರು ಕೇಳಿದರೆ ತೆಳ್ಳಗೆ ಹೆಚ್ಚಿದ ಮಾಂಸದ ಹಾಳೆಗಳು ಕಣ್ಣಿಗೆ ಬರುತ್ತವೆ, ಆದರೆ ಇದು ಹಾಗಿಲ್ಲ. ಮಾಂಸವನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಅದು ತನ್ನಷ್ಟಕ್ಕೆ ಎಳೆ ಬಿಟ್ಟುಕೊಂಡು ಕಂದು ಗ್ರೇವಿಯಲ್ಲಿ ಅರ್ಧ ಕರಗಿದಂತಾಗುವವರೆಗೆ ಬಿಡುತ್ತಾರೆ. ಬಿಳಿಯ ಕಾಗದ ಬಿಚ್ಚಿದಾಗ ಕೆಳಗಿನ ಬ್ರೆಡ್ಡು ಆಗಲೇ ಗ್ರೇವಿ ಕುಡಿದು ತೂಕವಾಗಿರುತ್ತದೆ, ಮೇಲಿನದು ಮಾತ್ರ ಇನ್ನೂ ಗರಿಗರಿ. ಕಚ್ಚಿದ ಕೂಡಲೇ ಮೇಲ್ಪದರ ಪಟಪಟನೆ ಒಡೆದು ಅಂಗಿಯ ಮೇಲೆಲ್ಲ ಚಕ್ಕೆ ಉದುರುತ್ತದೆ, ಮಣಿಕಟ್ಟಿನವರೆಗೆ ಗ್ರೇವಿ ಇಳಿಯುತ್ತದೆ, ಬಾಯೊಳಗೆ ಮೊದಲು ಬ್ರೆಡ್ಡಿನ ಸದ್ದು, ಆಮೇಲೆ ಮಾಂಸದ ಮೃದುತನ, ಕೊನೆಗೆ ಪಿಕಲ್ ಸೌತೆಯ ಹುಳಿ ಸರದಿಯ ಮೇಲೆ ಬರುತ್ತವೆ. ಗ್ರೇವಿಯಲ್ಲಿ ಉಪ್ಪು ಹದವಾಗಿದೆ, ಮೆಣಸಿನ ಖಾರ ತೆಳುವಾಗಿದೆ. ಹೆಚ್ಚು ಖಾರ ಬೇಕೆನ್ನುವವರು ಕ್ರಿಸ್ಟಲ್ ಸಾಸಿನ ಒಂದೆರಡು ಹನಿ ಹಾಕಿಕೊಳ್ಳಬಹುದು. ನಮ್ಮ ನಾಲಿಗೆಗೆ ಆ ಹನಿಗಳು ಬೇಕೇ ಬೇಕು ಎಂದು ನನಗನಿಸಿತು.

ಸಿಗಡಿಯ ಪೋಬಾಯ್ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಸಿಗಡಿಗಳು ಬ್ರೆಡ್ಡಿನ ಬಾಯಿಂದ ಹೊರಚೆಲ್ಲುವಷ್ಟು ತುಂಬಿರುತ್ತವೆ. ಹಿಟ್ಟಿನ ಲೇಪ ತೆಳ್ಳಗಿರುವುದರಿಂದ ಸಿಗಡಿಯ ಸಿಹಿ ಮರೆಯಾಗುವುದಿಲ್ಲ, ಎಣ್ಣೆಯ ಜಿಡ್ಡೂ ಕಾಗದಕ್ಕೆ ಅಷ್ಟಾಗಿ ಅಂಟುವುದಿಲ್ಲ. ಇಲ್ಲಿ ಬ್ರೆಡ್ಡಿನ ಗರಿಗರಿ ಮತ್ತು ಸಿಗಡಿಯ ಗರಿಗರಿ ಒಂದರ ಮೇಲೊಂದು ಕೂರುತ್ತವೆ, ಅವೆರಡನ್ನೂ ಹಿಡಿದಿಡುವುದು ಮೇಯನೇಸ್. ಸಿಗಡಿ ಮತ್ತು ರೋಸ್ಟ್ ಬೀಫ್ ಎರಡನ್ನೂ ಒಂದೇ ಬ್ರೆಡ್ಡಿನಲ್ಲಿ ಕೊಡುವ ‘ಸರ್ಫ್ ಅಂಡ್ ಟರ್ಫ್’ ಕೂಡ ಪಟ್ಟಿಯಲ್ಲಿದ್ದು, ಬಹಳ ಜನ ಅದನ್ನೇ ಹೊಗಳುತ್ತಾರೆ. ಎರಡನ್ನೂ ಬೇರೆಬೇರೆಯಾಗಿ ತಿನ್ನುವುದೇ ಮೇಲು ಎಂಬುದು ನನ್ನ ರುಚಿಯ ತೀರ್ಮಾನ.

ಕೌಂಟರಿನಲ್ಲಿ ಹೇಳಿ, ಹಣ ಕೊಟ್ಟು, ಕರೆಯುವವರೆಗೆ ಕಾಯುವುದು ಇಲ್ಲಿಯ ಕ್ರಮ. ‘ಡ್ರೆಸ್ಡ್’ ಎಂದರೆ ಲೆಟಿಸ್, ಟೊಮೆಟೊ, ಪಿಕಲ್ ಮತ್ತು ಮೇಯನೇಸ್ ಸೇರಿಸಿ ಕೊಡುತ್ತಾರೆ. ಹಾಗೆ ಹೇಳದಿದ್ದರೆ ನಗರದ ಅನೇಕ ಅಂಗಡಿಗಳಲ್ಲಿ ಬರೀ ಬ್ರೆಡ್ಡು ಮತ್ತು ಹೂರಣ ಕೈಗೆ ಬರುತ್ತದೆ. ಕುಡಿಯಲು ಗಾಜಿನ ಸೀಸೆಯ ಬಾರ್ಕ್ಸ್ ರೂಟ್ ಬಿಯರ್ ತೆಗೆದುಕೊಳ್ಳಿ. ಹೆಸರಿನಲ್ಲಿ ಬಿಯರ್ ಇದ್ದರೂ ಅದರಲ್ಲಿ ಮದ್ಯವಿಲ್ಲ. ಮಿಸಿಸಿಪಿ ಕರಾವಳಿಯ ಬಿಲಾಕ್ಸಿಯಲ್ಲಿ 1898ರಲ್ಲಿ ಹುಟ್ಟಿದ ಸಿಹಿ ಪಾನೀಯವದು, ಗ್ರೇವಿಯ ಜಿಡ್ಡಿಗೆ ಒಳ್ಳೆಯ ಜೋಡಿ.

ಎಲ್ಲ ಅಂಗಡಿಗಳೂ ಹೀಗಿರುವುದಿಲ್ಲ ಎಂಬ ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪ್ರವಾಸಿಗರು ಮುಗಿಬೀಳುವ ಹಳೆಯ ಬಡಾವಣೆಯಾದ ಫ್ರೆಂಚ್ ಕ್ವಾರ್ಟರಿನ ಗದ್ದಲದ ಬೀದಿಯೊಂದರಲ್ಲಿ, ಬಣ್ಣದ ದೀಪದ ಫಲಕಕ್ಕೆ ಮರುಳಾಗಿ ಹೊಕ್ಕ ಒಂದು ಅಂಗಡಿಯಲ್ಲಿ ನನಗೆ ಕೊಟ್ಟ ಪೋಬಾಯ್‌ನ ಬ್ರೆಡ್ಡು ಹಾಟ್‌ಡಾಗ್ ಬನ್ನಿನಂತೆ ಮೆತ್ತಗಿತ್ತು. ಸಿಗಡಿ ಹಿಟ್ಟಿನ ದಪ್ಪ ಕವಚದೊಳಗೆ ಎಲ್ಲೋ ಅಡಗಿತ್ತು, ಅದಕ್ಕೆ ಕಡಲಿನ ರುಚಿಯೇ ಇರಲಿಲ್ಲ. ಲೂಸಿಯಾನಾದ ಮೀನುಗಾರರು ಅಗ್ಗದ ಆಮದು ಸಿಗಡಿಯ ಪೈಪೋಟಿಯಿಂದ ವರ್ಷಗಳಿಂದ ನಲುಗುತ್ತಿದ್ದಾರೆ. ಸಿಗಡಿ ಮತ್ತು ಕ್ರಾಫಿಶ್ ಹೊರದೇಶದ್ದಾದರೆ ಹೋಟೆಲುಗಳು ಅದನ್ನು ಗಿರಾಕಿಗಳಿಗೆ ತಿಳಿಸಲೇಬೇಕು ಎಂಬ ಕಾನೂನು ಆ ರಾಜ್ಯದಲ್ಲಿದ್ದು, 2025ರ ಆರಂಭದಿಂದ ಅದನ್ನು ಇನ್ನಷ್ಟು ಬಿಗಿಗೊಳಿಸಲಾಗಿದೆ. ಆದ್ದರಿಂದ ಸಿಗಡಿ ಎಲ್ಲಿಯದು ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಪಕ್ಕದ ಮೆಕ್ಸಿಕೋ ಕೊಲ್ಲಿಯ ಸಿಗಡಿ ಬಳಸುವವರು ಅದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ.

ನಗರದೊಳಗೇ ಇರುವ ಭಿನ್ನತೆಗಳಲ್ಲಿ ಎರಡನ್ನು ಹೆಸರಿಸುತ್ತೇನೆ. ಪಾಯ್ಡ್ರಸ್ ಸ್ಟ್ರೀಟಿನಲ್ಲಿ 1938ರಲ್ಲಿ ತೆರೆದ ಮದರ್ಸ್ ರೆಸ್ಟೋರೆಂಟಿನಲ್ಲಿ, ಬೇಯುವಾಗ ಮಾಂಸದಿಂದ ಕಳಚಿ ಗ್ರೇವಿಗೆ ಬಿದ್ದ ಚೂರುಗಳನ್ನೇ ‘ಡೆಬ್ರಿ’ ಎಂದು ಕರೆದು ಬ್ರೆಡ್ಡಿಗೆ ತುಂಬುತ್ತಾರೆ. ಅಲ್ಲಿ ಲೆಟಿಸ್ ಬದಲು ಸಣ್ಣಗೆ ಹೆಚ್ಚಿದ ಎಲೆಕೋಸು ಹಾಕುತ್ತಾರೆ, ಅದರ ಕುರುಕಲುತನ ಗ್ರೇವಿಯ ನಡುವೆಯೂ ಉಳಿಯುತ್ತದೆ. ಇನ್ನೊಂದು, ನಗರದ ಪೂರ್ವದಂಚಿನಲ್ಲಿ ಷೆಫ್ ಮೆಂಟೋರ್ ಹೆದ್ದಾರಿಯ ಮೇಲಿರುವ ಡಾಂಗ್ ಫುವಾಂಗ್ ಬೇಕರಿ. 1975ರ ನಂತರ ಯುದ್ಧದಿಂದ ನಿರಾಶ್ರಿತರಾಗಿ ಬಂದು ಅಲ್ಲಿ ನೆಲೆಸಿದ ವಿಯೆಟ್ನಾಮಿನವರ ಬಡಾವಣೆಯಲ್ಲಿ 1982ರಲ್ಲಿ ಶುರುವಾದದ್ದು ಇದು. 2018ರಲ್ಲಿ, ಅಮೆರಿಕದ ಅಡುಗೆ ಲೋಕದ ಹೆಸರಾಂತ ಪ್ರಶಸ್ತಿಗಳನ್ನು ಕೊಡುವ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ಗೌರವಕ್ಕೂ ಪಾತ್ರವಾಯಿತು. ಫ್ರೆಂಚರ ಆಳ್ವಿಕೆಯ ಕಾಲದಲ್ಲಿ ವಿಯೆಟ್ನಾಮಿಗೆ ಬಂದ ಬ್ರೆಡ್ಡು ಅಲ್ಲಿ ಬಾನ್ ಮಿ ಎಂಬ ಸ್ಯಾಂಡ್‌ವಿಚ್ಚಾಗಿ, ಮತ್ತೊಂದು ಫ್ರೆಂಚ್ ನೆನಪಿನ ಊರಿಗೆ ಬಂದು ವಿಯೆಟ್ನಾಮ್ ಪೋಬಾಯ್ ಎನಿಸಿಕೊಂಡಿತು. ಉಪ್ಪಿನಕಾಯಿಯಂತೆ ಹುಳಿ ಹಿಡಿಸಿದ ಕ್ಯಾರೆಟ್ ಮೂಲಂಗಿಯ ಎಳೆಗಳು, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಇರುವ ಈ ರೂಪ ನಮ್ಮವರಿಗೆ ಬೇಗ ಹಿಡಿಸುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ಕಿಲ್ಲರ್ ಪೋಬಾಯ್ಸ್‌ನಂಥ ಹೊಸ ಕಾಲದ ಪೋಬಾಯ್ ಅಂಗಡಿಗಳು ಬ್ರೆಡ್ಡನ್ನು ಈ ಬೇಕರಿಯಿಂದಲೇ ತರಿಸಿಕೊಳ್ಳುತ್ತವೆ. ನಿನ್ನೆ ಮೊನ್ನೆ ಬಂದ ವಲಸಿಗರ ಕೈಯಿಂದ ಮೂಲ ತಿನಿಸಿನ ಬೆನ್ನೆಲುಬೇ ಹೊಸದಾಗುತ್ತಿದೆ, ಲೈಡನ್‌ಹೈಮರ್ ಮತ್ತು ಗೆಂಡೂಸಾ ಕಾಲದಲ್ಲಿ ಆದದ್ದೂ ಇದೇ.

ನಗರದಿಂದ ಹೊರಬಿದ್ದರೆ ಪೋಬಾಯ್ ವೇಷ ಬದಲಿಸುತ್ತದೆ. ಪೂರ್ವಕ್ಕೆ ಮಿಸಿಸಿಪಿಯ ಕರಾವಳಿಯಲ್ಲಿ ತುಂಬಿದ ಸ್ಯಾಂಡ್‌ವಿಚ್ಚನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಚಪ್ಪಟೆ ಮಾಡಿ ಕೊಡುವ ರೂಢಿಯಿದೆ. ಹಗುರವಾದ ಬ್ರೆಡ್ಡನ್ನು ಹಾಗೆ ಅಮುಕುವುದು ನನಗೆ ಒಪ್ಪಿಗೆಯಾಗದಿದ್ದರೂ, ಒಳಗಿನ ಚೀಸು ಕರಗಿ ಎಲ್ಲವನ್ನೂ ಬೆಸೆಯುವುದರಲ್ಲಿ ಒಂದು ಸುಖವಿದೆ ಎಂದು ಒಪ್ಪಲೇಬೇಕು. ಉತ್ತರ ಲೂಸಿಯಾನಾದ ಶ್ರೀವ್‌ಪೋರ್ಟಿನಲ್ಲಿ ಹರ್ಬಿ ಕೇಸ್ ಎಂಬ ಹಳೆಯ ಹೋಟೆಲು 1945ರಿಂದ ‘ಶ್ರಿಂಪ್ ಬಸ್ಟರ್’ ಎಂಬ ತನ್ನದೇ ತಳಿಯನ್ನು ಕೊಡುತ್ತಿದೆ: ಸಿಗಡಿಗಳನ್ನು ಸೀಳಿ, ತಟ್ಟಿ ಚಪ್ಪಟೆ ಮಾಡಿ, ಕರಿದು, ಬೆಣ್ಣೆ ಸವರಿ ಸುಟ್ಟ ಬ್ರೆಡ್ಡಿನ ಮೇಲೆ ಹರಡುತ್ತಾರೆ. ಲಫಾಯೆಟ್ಟಿನ ಓಲ್ಡ್ ಟೈಮ್ ಗ್ರೋಸರಿ ಹೆದ್ದಾರಿ ಪ್ರಯಾಣಿಕರಿಗೆ ಸಿಗಡಿ ಪೋಬಾಯ್‌ಗೆ ನಂಬಿಕಸ್ಥ ನಿಲ್ದಾಣ.

ಎಲ್ಲಕ್ಕಿಂತ ದೂರ ಸರಿದದ್ದು ನಾನಿರುವ ಹ್ಯೂಸ್ಟನ್ನಿನ ಪೋಬಾಯ್. ಲೆಬನಾನ್ ಮೂಲದ ಜಲಾಲ್ ಆಂಟೋನ್ 1962ರಲ್ಲಿ ತೆರೆದ ಆಮದು ದಿನಸಿಯ ಅಂಗಡಿಯಲ್ಲಿ ಹ್ಯಾಮ್, ಸಲಾಮಿ, ಪ್ರೊವೊಲೋನ್ ಚೀಸು, ಪಿಕಲ್, ಮೇಯನೇಸ್ ಮತ್ತು ಚೌಚೌ ಎಂಬ ಹುಳಿಸಿಹಿ ತರಕಾರಿ ಮಿಶ್ರಣವನ್ನು ಬ್ರೆಡ್ಡಿಗೆ ತುಂಬಿ, ಮೊದಲೇ ಸುತ್ತಿಟ್ಟು ಮಾರತೊಡಗಿದರು. ಗ್ರೇವಿಯಿಲ್ಲ, ಕರಿದದ್ದಿಲ್ಲ, ಬಿಸಿಯೂ ಅಲ್ಲ, ತಣ್ಣಗೆ ತಿನ್ನುವಂಥದ್ದು. ನ್ಯೂ ಆರ್ಲಿಯನ್ಸಿನವರು ಇದನ್ನು ಪೋಬಾಯ್ ಎಂದು ಒಪ್ಪುವುದು ಕಷ್ಟ, ಹ್ಯೂಸ್ಟನ್ನಿನಲ್ಲಿ ಬೆಳೆದವರಿಗೆ ಪೋಬಾಯ್ ಎಂದರೆ ಇದೇ. ಕಾರು ಹತ್ತಿ ಗಂಟೆಗಟ್ಟಲೆ ಓಡಾಡುವ ನಗರಕ್ಕೆ, ಕಾದು ನಿಲ್ಲದೆ ಎತ್ತಿಕೊಂಡು ಹೋಗಬಹುದಾದ, ಮಧ್ಯಾಹ್ನದವರೆಗೆ ಕೆಡದ ಸ್ಯಾಂಡ್‌ವಿಚ್ ಹೊಂದಿತು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಚೌಚೌವಿನ ಹುಳಿ ನನಗೆ ತುಂಬ ಇಷ್ಟ. ಆದರೂ ಅದರ ಬ್ರೆಡ್ಡು ಹೂರಣವನ್ನು ಹೊತ್ತುಕೊಂಡಿರುತ್ತದೆ ಅಷ್ಟೇ, ತಾನೇ ಮಾತಾಡುವುದಿಲ್ಲ. ಪಾರ್ಕ್‌ವೇಯಲ್ಲಿ ಬ್ರೆಡ್ಡು ಮಾತಾಡುತ್ತದೆ.

ಸಸ್ಯಾಹಾರಿಗಳಿಗೆ ಒಂದಿಷ್ಟು ಸೂಚನೆಗಳು. ಹುರಿದ ಆಲೂಗಡ್ಡೆಯ ಪೋಬಾಯ್ ಕೇಳಿದರೆ ವಾಡಿಕೆಯಂತೆ ಅದರ ಮೇಲೆ ದನದ ಮಾಂಸದ ಗ್ರೇವಿಯನ್ನೇ ಸುರಿಯುತ್ತಾರೆ; ಗ್ರೇವಿ ಬೇಡವೆಂದು ಮೊದಲೇ ಹೇಳಬೇಕು, ಆಲೂಗಡ್ಡೆಯನ್ನು ಸಿಗಡಿ ಕರಿದ ಎಣ್ಣೆಯಲ್ಲೇ ಕರಿಯುತ್ತಾರೆಯೇ ಎಂದೂ ವಿಚಾರಿಸಬೇಕು. ಮೇಯನೇಸಿನಲ್ಲಿ ಮೊಟ್ಟೆಯಿರುತ್ತದೆ. ಗ್ರೇವಿಯಿಲ್ಲದ ಆಲೂಗಡ್ಡೆ ಪೋಬಾಯ್ ಸಪ್ಪೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅದಕ್ಕಿಂತ ಕಿಲ್ಲರ್ ಪೋಬಾಯ್ಸ್‌ನಲ್ಲಿ ಸುಟ್ಟ ಸಿಹಿಗೆಣಸು, ಅಲಸಂದೆ ಮತ್ತು ಪೀಕನ್ ಬೀಜದ ಗಟ್ಟಿ ಚಟ್ನಿ, ಬೇಯಿಸಿದ ಸೊಪ್ಪು ಸೇರಿಸಿ ಮಾಡುವ ಪೋಬಾಯ್ ಸಾವಿರ ಪಾಲು ಮೇಲು. ಮಾಂಸಕ್ಕೆ ಬದಲಿಯಾಗಿ ಏನೋ ಒಂದು ತುರುಕಿದಂತಿಲ್ಲದೆ, ಸ್ವಂತ ರುಚಿಯಿಂದಲೇ ನಿಲ್ಲುವ ತಿನಿಸದು. ಕೆಳಗಿರುವುದು ಡಾಂಗ್ ಫುವಾಂಗ್‌ನ ಬ್ರೆಡ್ಡಾದ್ದರಿಂದ ನಗರದ ಬ್ರೆಡ್ಡಿನ ಸುಖವೂ ತಪ್ಪುವುದಿಲ್ಲ.

ಪಾರ್ಕ್‌ವೇಗೆ ಹೋಗುವವರು ವಾರದ ಯಾವ ದಿನಗಳಲ್ಲಿ ರಜೆ ಎಂಬುದನ್ನು ವಿಚಾರಿಸಿಕೊಂಡು, ಮಧ್ಯಾಹ್ನದ ಸಾಲು ಬೆಳೆಯುವ ಮೊದಲೇ ತಲುಪುವುದು ಒಳ್ಳೆಯದು. ಇಬ್ಬರಿದ್ದರೆ ಒಂದು ದೊಡ್ಡ ರೋಸ್ಟ್ ಬೀಫ್, ಒಂದು ದೊಡ್ಡ ಸಿಗಡಿ, ಎರಡನ್ನೂ ಡ್ರೆಸ್ಡ್ ಎಂದು ಹೇಳಿ ತರಿಸಿಕೊಂಡು ಅರ್ಧರ್ಧ ಹಂಚಿಕೊಳ್ಳಿ. ಕಟ್ಟಿಸಿಕೊಂಡು ಹೋಗುವ ಯೋಚನೆ ಬೇಡ, ಹೊರಗಿನ ಮೇಜುಗಳಲ್ಲೇ ಕುಳಿತು ತಿನ್ನಿ. ಕಾಗದದ ಕರವಸ್ತ್ರಗಳನ್ನು ಬೇಕೆನಿಸಿದ್ದಕ್ಕಿಂತ ಹೆಚ್ಚೇ ಎತ್ತಿಕೊಳ್ಳಿ.